ಮನೆಗೆ ಹೊಸ ವೈರಿಂಗ್: ಮೊದಲು ಕರೆಂಟ್ ತೆಗೆಸುವ ದಿನ ಗೊತ್ತು ಮಾಡಿ

ಹಳೆಯ ಮನೆಯ ವೈರಿಂಗ್ ಬದಲಿಸಬೇಕೆಂದು ಯಾರಾದರೂ ಕರೆದರೆ ನಾನು ಮೊದಲು ಒಳಗೆ ಹೋಗುವುದಿಲ್ಲ. ಜಗಲಿಯಲ್ಲೇ ನಿಂತು ಮೀಟರ್ ಬೋರ್ಡ್ ನೋಡುತ್ತೇನೆ. ಅಡುಗೆಮನೆಯಲ್ಲಿ ಪಾಯಿಂಟ್ ಎಷ್ಟು ಬೇಕು, ಗೀಸರ್ ಎಲ್ಲಿ, ಹಾಲ್‌ನಲ್ಲಿ ಫ್ಯಾನ್ ಯಾವ ಕಡೆ ಎಂದು ತೋರಿಸಲು ಮನೆಯವರು ಕಾದಿರುತ್ತಾರೆ. "ಅದೆಲ್ಲ ಆಮೇಲೆ ನೋಡೋಣ ಅಮ್ಮ, ಮೊದಲು ಇಲ್ಲಿ ಕರೆಂಟ್ ತೆಗೆಯೋದು ಹೇಗೆ ಅಂತ ನೋಡ್ತೀನಿ" ಅನ್ನುತ್ತೇನೆ.

22 ವರ್ಷಗಳಿಂದ ಮಲೆನಾಡಿನ ಪೇಟೆಯೊಂದರಲ್ಲಿ ಈ ಕೆಲಸ ಮಾಡುತ್ತಿದ್ದೇನೆ. ಗೋಡೆ ಕೊರೆಯುವುದು, ಪೈಪ್ ಹೂಳುವುದು, ವೈರ್ ಎಳೆಯುವುದು ಎಲ್ಲವೂ ನಮ್ಮ ಕೈಯಲ್ಲಿದೆ. ಎಷ್ಟು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕಿ ಹೇಳಬಲ್ಲೆವು. ಮೀಟರ್ ಬೋರ್ಡಿಗೆ ಬರುವ ಕರೆಂಟನ್ನು ನಿಲ್ಲಿಸುವುದು ಮಾತ್ರ ನಮ್ಮ ಕೈಯಲ್ಲಿಲ್ಲ. ಅದಕ್ಕಾಗಿ ಒಂದು ಗಂಟೆಯ ಕೆಲಸಕ್ಕೆ ಒಂದು ವಾರ ಕಾದದ್ದಿದೆ. ಕಾಯಲಾಗದೆ ಜೀವಂತ ವೈರಿನ ಮೇಲೆ ಕೈಯಿಟ್ಟು ಸತ್ತವರ ಸುದ್ದಿಯನ್ನೂ ಕೇಳಿದ್ದೇನೆ. ವೈರಿಂಗ್ ಬದಲಿಸುವ ಯೋಚನೆಯಲ್ಲಿರುವ ಮನೆಯವರು ಈ ಒಂದು ವಿಷಯವನ್ನು ಮೊದಲೇ ತಿಳಿದುಕೊಂಡರೆ ಕೆಲಸವೂ ಸಲೀಸು, ಕೆಲಸಗಾರನ ಜೀವವೂ ಉಳಿಯುತ್ತದೆ.

ಕಂಬದಿಂದ ಮನೆಯವರೆಗೆ

ಕಂಬದಿಂದ ಸರ್ವಿಸ್ ವೈರ್ ಬರುತ್ತದೆ. ಅದು ಮನೆಯ ಗೋಡೆಗೆ ತಾಗಿ, ಮೀಟರ್ ಬೋರ್ಡಿನಲ್ಲಿ ಕಟ್‌ಔಟ್ ಎಂಬ ಪಿಂಗಾಣಿ ಫ್ಯೂಸ್ ದಾಟಿ, ಮೀಟರ್ ಸೇರುತ್ತದೆ. ಮೀಟರ್‌ನಿಂದ ಹೊರಟ ಎರಡು ವೈರ್ ಮೇನ್ ಸ್ವಿಚ್ಚಿಗೆ, ಅಲ್ಲಿಂದ ಡಿಬಿ ಎಂಬ ಹಂಚಿಕೆ ಪೆಟ್ಟಿಗೆಗೆ, ಡಿಬಿಯಿಂದ ಕೋಣೆ ಕೋಣೆಗೆ. ಇದರಲ್ಲಿ ಕಂಬದಿಂದ ಮೀಟರ್‌ವರೆಗಿನದು ವಿದ್ಯುತ್ ಕಂಪನಿಯ ಸುಪರ್ದಿನಲ್ಲಿದೆ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರು ಕಡೆಯ ಚಾಮುಂಡೇಶ್ವರಿ, ಹೀಗೆ ಯಾವ ಊರಿಗೆ ಯಾವ ಕಂಪನಿಯೋ ಅದರದ್ದು. ಜನರ ಬಾಯಲ್ಲಿ ಇವತ್ತಿಗೂ ಎಲ್ಲವೂ ಕೆಇಬಿಯೇ. ಮೀಟರ್ ದಾಟಿದ ಮೇಲಿನದು ನಿಮ್ಮದು, ಅಂದರೆ ನಿಮ್ಮ ಪರವಾಗಿ ನಮ್ಮಂಥ ವೈರಿಂಗ್ ಗುತ್ತಿಗೆದಾರರದು.

ಮೇನ್ ಸ್ವಿಚ್ ಗಟ್ಟಿಮುಟ್ಟಾಗಿದ್ದು, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವಂಥದ್ದಾಗಿದ್ದರೆ ತೊಂದರೆಯಿಲ್ಲ. ಅದನ್ನು ಇಳಿಸಿದರೆ ಒಳಗಿನ ಮನೆ ಪೂರ್ತಿ ಸತ್ತಂತೆ. ಯಾರನ್ನೂ ಕಾಯದೆ ಕೆಲಸ ಶುರುಮಾಡಬಹುದು.

ವೈರಿಂಗ್ ಬದಲಿಸಬೇಕಾದಷ್ಟು ಹಳೆಯದಾದ ಮನೆಯಲ್ಲಿ ಹಾಗಿರುವುದು ಅಪರೂಪ. ಮರದ ಪಟ್ಟಿಯ ಮೇಲೆ ಕ್ಲಿಪ್ ಹೊಡೆದು ಎಳೆದ ವೈರಿಂಗ್, ಅಲ್ಯೂಮಿನಿಯಂ ವೈರ್, ಮೇನ್ ಸ್ವಿಚ್ ಇರಬೇಕಾದ ಜಾಗದಲ್ಲಿ ಒಂದೇ ಒಂದು ಕಿಟ್‌ಕ್ಯಾಟ್ ಫ್ಯೂಸ್, ನ್ಯೂಟ್ರಲ್ ನೇರವಾಗಿ ಒಳಗೆ. ಕೆಲವು ಕಡೆ ಮೇನ್ ಸ್ವಿಚ್ ಇದ್ದರೂ ತುಕ್ಕು ಹಿಡಿದು ಹಿಡಿ ಕೈಗೇ ಬರುತ್ತದೆ. ಮೀಟರ್‌ನಿಂದ ಮೇನಿಗೆ ಬರುವ ವೈರಿನ ಸಿಪ್ಪೆ ಮುಟ್ಟಿದರೆ ಉದುರುತ್ತದೆ. ಬದಲಿಸಬೇಕಾದದ್ದು ಮೊದಲು ಇದೇ ತುಂಡು, ಆದರೆ ಮನೆಯೊಳಗಿನ ಯಾವ ಸ್ವಿಚ್ ಇಳಿಸಿದರೂ ಸಾಯದಿರುವುದು ಕೂಡ ಇದೇ ತುಂಡು. ಇದಕ್ಕೆ ಕರೆಂಟ್ ನಿಲ್ಲಬೇಕಾದರೆ ಕಟ್‌ಔಟ್ ತೆಗೆಯಬೇಕು ಅಥವಾ ಕಂಬದಲ್ಲಿ ಬಿಡಿಸಬೇಕು. ಅಲ್ಲಿಗೆ ವಿಷಯ ಕಂಪನಿಯ ಬಾಗಿಲಿಗೆ ಬಂತು.

ಕೈ ಹಾಕಿದರೇನಾಗುತ್ತದೆ?

"ಎರಡು ಸ್ಕ್ರೂ ತಾನೆ ಅಣ್ಣ, ನೀವೇ ಬಿಚ್ಚಿ" ಎಂದು ಮನೆಯವರು ಹೇಳುತ್ತಾರೆ. ಮೀಟರ್‌ನ ಕೆಳಗಿನ ಮುಚ್ಚಳಕ್ಕೆ ಸೀಲ್ ಹಾಕಿರುತ್ತಾರೆ. ಆ ಸೀಲ್ ಒಡೆದಿದ್ದು ಕಂಡರೆ ಕರೆಂಟ್ ಕಳ್ಳತನದ ಅನುಮಾನ ಮೊದಲು ಬರುವುದು ಮನೆಯ ಯಜಮಾನನ ಮೇಲೆ. ವಿದ್ಯುತ್ ಕಾಯ್ದೆ 2003ರ 138ನೇ ಕಲಂ ಇನ್ನೂ ಸ್ಪಷ್ಟವಾಗಿದೆ. ಅನುಮತಿಯಿಲ್ಲದೆ ಮೀಟರನ್ನು ಲೈನಿಗೆ ಸೇರಿಸುವುದು, ಲೈನಿನಿಂದ ಬಿಡಿಸುವುದು ಅಪರಾಧ. 3 ವರ್ಷದವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ವೈರಿಂಗ್ ಮಾಡುವವನಿಗೂ ಪರವಾನಗಿ ಬೇಕು. ವಿದ್ಯುತ್ ಪರಿವೀಕ್ಷಣಾಲಯದ ಮೂಲಕ ಪಡೆದ ಗುತ್ತಿಗೆದಾರರ ಲೈಸೆನ್ಸ್, ಕೆಲಸ ನೋಡಿಕೊಳ್ಳುವವನಿಗೆ ಸೂಪರ್‌ವೈಸರ್ ಪರ್ಮಿಟ್, ಕೈ ಕೆಲಸದವನಿಗೆ ವೈರ್‌ಮನ್ ಪರ್ಮಿಟ್. ಸೀಲ್ ಒಡೆದು ಸಿಕ್ಕಿಬಿದ್ದರೆ ವರ್ಷಗಟ್ಟಲೆ ಕಷ್ಟಪಟ್ಟು ಪಡೆದ ಆ ಕಾಗದಕ್ಕೇ ಕುತ್ತು.

ಹಾಗಾದರೆ ಕಂಪನಿಯವರನ್ನು ಕರೆಯೋಣ ಎಂದರೆ ಅವರು ಸಿಗುವುದಿಲ್ಲ. ಇದನ್ನು ದೂಷಣೆಯಾಗಿ ಹೇಳುತ್ತಿಲ್ಲ. ಲೈನ್‌ಮನ್ ಎಂದು ನಾವು ಕರೆಯುವ ಪವರ್‌ಮ್ಯಾನ್ ಒಬ್ಬನ ಕೈಕೆಳಗೆ ಎಷ್ಟೋ ಟ್ರಾನ್ಸ್‌ಫಾರ್ಮರ್‌ಗಳು, ಕಾಡಿನಂಚಿನ ಲೈನ್‌ಗಳು. ಮಳೆಗಾಲದಲ್ಲಿ ಮರ ಬಿದ್ದ ಕಡೆಯೆಲ್ಲ ಅವನೇ ಓಡಬೇಕು. ಕಂಬದಲ್ಲಿ ಒಂದು ಮನೆಯ ಸರ್ವಿಸ್ ಬಿಡಿಸಬೇಕಾದರೆ ಆ ಲೈನಿಗೇ ಕರೆಂಟ್ ತೆಗೆಯಬೇಕು. ಅದಕ್ಕೆ ಮೇಲಿನವರಿಂದ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಪಡೆಯಬೇಕು. ನಿಮ್ಮೊಬ್ಬರ ಮನೆಗಾಗಿ ಬೀದಿಯ ಹಿಟ್ಟಿನ ಗಿರಣಿ, ಬೇಕರಿ, ನಲವತ್ತು ಮನೆ ಕತ್ತಲಾಗುತ್ತವೆ. "ನಾಳೆ ಎಲ್‌ಸಿ ಸಿಗಲ್ಲ ಅಣ್ಣ, ನಾಡಿದ್ದು ನೋಡೋಣ" ಎಂಬ ಮಾತಿನ ಹಿಂದೆ ಇಷ್ಟೆಲ್ಲ ಇದೆ. ಕರೆಂಟ್ ಹೋದರೆ ದೂರು ಕೊಡಲು 1912 ಇದೆ. ಕರೆಂಟ್ ತೆಗೆದುಕೊಡಿ ಎಂದು ಕೇಳುವವನ ಸರದಿ ಮಾತ್ರ ಕರೆಂಟ್ ಹೋದವರೆಲ್ಲರ ನಂತರವೇ ಬರುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಸುರಕ್ಷಿತವಾಗಿ ಕೆಲಸ ಮಾಡಲು ಕೇಳುವ ಒಂದು ಗಂಟೆಯ ವಿದ್ಯುತ್ ನಿಲುಗಡೆಗೆ ದಿನ, ಹೊತ್ತು ಬರೆದುಕೊಡುವ ಒಂದು ಸರಳ ಪದ್ಧತಿ ಪ್ರತಿ ಸೆಕ್ಷನ್ ಕಚೇರಿಯಲ್ಲಿ ಇರಬೇಕು.

ಕಾದು ಸುಸ್ತಾದವರು ಅಡ್ಡದಾರಿ ಹಿಡಿಯುತ್ತಾರೆ. ಹಳ್ಳಿಗಳಲ್ಲಿ ಬಿದಿರಿನ ಗಳಕ್ಕೆ ಕೊಕ್ಕೆ ಕಟ್ಟಿ ಕಂಬದ ಲೈನಿನಿಂದ ಸರ್ವಿಸ್ ವೈರ್ ಎಳೆದು ಬಿಡಿಸುವುದನ್ನು ಕಣ್ಣಾರೆ ಕಂಡಿದ್ದೇನೆ. ಹಸಿ ಬಿದಿರು, ಮಳೆ ನೆನೆದ ಬಿದಿರು ಕರೆಂಟನ್ನು ಹರಿಸುತ್ತದೆ. ಇನ್ನು ಕೆಲವರು ಪೇಪರಿನಲ್ಲಿ "ಇಂದು ವಿದ್ಯುತ್ ವ್ಯತ್ಯಯ, ಬೆಳಿಗ್ಗೆ 10ರಿಂದ ಸಂಜೆ 5" ಎಂದು ಬಂದ ದಿನ ನೋಡಿಕೊಂಡು ಮೀಟರ್ ಬೋರ್ಡ್ ಬಿಚ್ಚುತ್ತಾರೆ. ಲೈನಿನ ಕೆಲಸ ಬೇಗ ಮುಗಿದರೆ ಮೂರು ಗಂಟೆಗೇ ಕರೆಂಟ್ ಬರುತ್ತದೆ. ಬರುವ ಮುಂಚೆ ನಿಮ್ಮ ಮನೆಯ ಏಣಿ ಮೇಲೆ ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಆ ದಿನವನ್ನು ಬಳಸಿಕೊಳ್ಳಲು ಸರಿಯಾದ ದಾರಿ ಬೇರೆಯೇ ಇದೆ. ಲೈನ್ ಹೇಗೂ ಆಫ್ ಆಗಿರುತ್ತದೆ, ಪ್ರತ್ಯೇಕ ಎಲ್‌ಸಿಯ ತಾಪತ್ರಯ ಕಡಿಮೆ. ಅಂದು ನಮ್ಮ ಸರ್ವಿಸನ್ನು ಕಂಬದಲ್ಲಿ ಬಿಡಿಸಿಕೊಡಿ ಎಂದು ನಾಲ್ಕು ದಿನ ಮೊದಲೇ ಸೆಕ್ಷನ್ ಕಚೇರಿಯಲ್ಲಿ ಕೇಳಿಕೊಂಡರೆ ಒಪ್ಪುವ ಸಾಧ್ಯತೆ ಹೆಚ್ಚು.

ಒಂದು ಮಧ್ಯಾಹ್ನದ ಪಾಠ

ಹನ್ನೆರಡು ವರ್ಷದ ಹಿಂದೆ, ಆಷಾಢ ಕಳೆದ ಮೇಲೆ, ಒಂದು ಹೆಂಚಿನ ಮನೆಯ ಕೆಲಸ ಹಿಡಿದಿದ್ದೆ. ಮೇನ್ ಎಂದರೆ ಒಂದು ಕಿಟ್‌ಕ್ಯಾಟ್ ಫ್ಯೂಸ್ ಅಷ್ಟೇ. ಕರೆಂಟ್ ಬಿಡಿಸಿಕೊಡಲು ಕೇಳಿ ಐದು ದಿನವಾಗಿತ್ತು. ಮನೆಯಲ್ಲಿ ಮದುವೆ ಗೊತ್ತಾಗಿದ್ದರಿಂದ ಅವರಿಗೂ ಅವಸರ. ಮೀಟರ್ ಬೋರ್ಡ್ ಆಮೇಲೆ ನೋಡಿದರಾಯಿತು, ಒಳಗಿನ ಕೆಲಸ ಶುರುಮಾಡೋಣ ಎಂದು ಫ್ಯೂಸ್ ಕಿತ್ತೆ. ಮನೆಯ ಬಲ್ಬುಗಳೆಲ್ಲ ಆರಿದವು. ಅಡುಗೆಮನೆಯಲ್ಲಿ ಏಣಿ ಮೇಲಿದ್ದ ಹುಡುಗನಿಗೆ "ಕತ್ತರಿಸು" ಅಂದೆ. ಅವನು ವೈರ್ ಹಿಡಿದ ಕ್ಷಣ ಕೆಳಗೆ ಬಿದ್ದಿದ್ದ. ಅಂಗೈ ಸುಟ್ಟಿತ್ತು, ಮುಂಗೈ ಮೂಳೆ ಮುರಿದಿತ್ತು.

ಆಮೇಲೆ ನೋಡಿದರೆ, ಆ ಮಳೆಗಾಲದಲ್ಲಿ ಅಡಿಕೆ ಮರ ಬಿದ್ದು ಸರ್ವಿಸ್ ವೈರ್ ಹರಿದಿತ್ತು. ಸುರಿಯುವ ಮಳೆಯಲ್ಲಿ, ಮಬ್ಬುಗತ್ತಲಲ್ಲಿ ಮತ್ತೆ ಜೋಡಿಸುವಾಗ ಫೇಸ್ ಇದ್ದ ಕಡೆ ನ್ಯೂಟ್ರಲ್, ನ್ಯೂಟ್ರಲ್ ಇದ್ದ ಕಡೆ ಫೇಸ್ ಸೇರಿಹೋಗಿತ್ತು. ಬಲ್ಬು ಉರಿಯುವುದಕ್ಕೆ ಅದರಿಂದ ಏನೂ ಅಡ್ಡಿಯಿಲ್ಲ, ಹಾಗಾಗಿ ಯಾರಿಗೂ ತಿಳಿದಿರಲಿಲ್ಲ. ನಾನು ಕಿತ್ತ ಫ್ಯೂಸ್ ಕಡಿದದ್ದು ನ್ಯೂಟ್ರಲ್ಲನ್ನು. ದಾರಿ ಪೂರ್ತಿಯಾಗದೆ ಬಲ್ಬು ಆರಿತು, ಆದರೆ ಮನೆಯ ಅಷ್ಟೂ ವೈರಿನಲ್ಲಿ 230 ವೋಲ್ಟ್ ಹಾಗೇ ನಿಂತಿತ್ತು. ಬಲ್ಬು ಆರಿದ್ದನ್ನೇ ಸಾಕ್ಷಿ ಎಂದು ನಂಬಿದ್ದು ನನ್ನ ತಪ್ಪು. ಆ ಹುಡುಗ ಚೇತರಿಸಿಕೊಂಡ, ಈಗ ಅವನಿಗೇ ವೈರ್‌ಮನ್ ಪರ್ಮಿಟ್ ಇದೆ. ಅಂದಿನಿಂದ ಎರಡೂ ವೈರನ್ನು ಒಟ್ಟಿಗೆ ಕಡಿಯುವ ಸ್ವಿಚ್ ಇಲ್ಲದ ಮನೆಯಲ್ಲಿ, ಕಂಪನಿಯವರು ಬಂದು ಸರ್ವಿಸ್ ಬಿಡಿಸುವವರೆಗೆ, ನಾನು ಒಂದು ವೈರನ್ನೂ ಕತ್ತರಿಸುವುದಿಲ್ಲ. ಮದುವೆಯಿದ್ದರೂ ಅಷ್ಟೆ, ಗೃಹಪ್ರವೇಶವಿದ್ದರೂ ಅಷ್ಟೆ.

ಒಮ್ಮೆ ಕರೆಯಿರಿ, ಅದೇ ದಿನ ಐಸೊಲೇಟರ್ ಹಾಕಿಸಿ

ಹೆಚ್ಚಿನ ಮನೆಗಳಲ್ಲಿ ವೈರಿಂಗ್ ಎಲ್ಲ ಮುಗಿದ ಮೇಲೆ, ಕೊನೆಯ ದಿನ ಮೀಟರಿಗೆ ಸೇರಿಸಲು ಪವರ್‌ಮ್ಯಾನ್‌ನನ್ನು ಹುಡುಕುತ್ತಾರೆ. ಇದನ್ನು ತಿರುಗಿಸಿ ಮಾಡಬೇಕು. ಮೊದಲ ದಿನವೇ ಅವರನ್ನು ಕರೆಸಿ, ಮೀಟರ್ ಆದ ಕೂಡಲೇ ಒಂದು ಡಬಲ್ ಪೋಲ್ ಐಸೊಲೇಟರ್ ಕೂರಿಸಿಬಿಡಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಅದು ಒಟ್ಟಿಗೆ ಕಡಿಯುತ್ತದೆ. ಕಂಬದಲ್ಲಿ ಅದಲುಬದಲಾಗಿದ್ದರೂ ಮನೆ ಸಾಯುತ್ತದೆ. ತ್ರೀ ಫೇಸ್ ಮನೆಗೆ ಫೋರ್ ಪೋಲ್ ಬೇಕು. ಕೆಲವು ನೂರು ರೂಪಾಯಿಯ ವಸ್ತು. ಅದು ಬಂದ ಮೇಲೆ ಉಳಿದ ಎಂಟು ಹತ್ತು ದಿನದ ಕೆಲಸಕ್ಕಾಗಲೀ, ಹತ್ತು ವರ್ಷದ ನಂತರ ಡಿಬಿ ಬದಲಿಸಲಿಕ್ಕಾಗಲೀ ಯಾರ ದಾರಿಯನ್ನೂ ಕಾಯಬೇಕಾಗಿಲ್ಲ.

ಆ ಒಂದು ಭೇಟಿ ಒಂದು ಗಂಟೆಯಲ್ಲಿ ಮುಗಿಯಬೇಕಾದರೆ ತಯಾರಿ ಮೊದಲೇ ಆಗಿರಬೇಕು. ಹಿಂದಿನ ದಿನವೇ ಐಸೊಲೇಟರ್ ಪೆಟ್ಟಿಗೆಯನ್ನು ಗೋಡೆಗೆ ಬಿಗಿದಿಡುತ್ತೇವೆ. ಹೊಸ ವೈರನ್ನು, ಸಾಮಾನ್ಯ ಮನೆಗೆ 6 ಚದರ ಮಿಲಿಮೀಟರ್ ತಾಮ್ರದ್ದು, ಅಳತೆಗೆ ಕತ್ತರಿಸಿ, ತುದಿ ಸುಲಿದು, ಐಸೊಲೇಟರ್ ಕಡೆ ಬಿಗಿದು, ಮೀಟರ್ ಕಡೆಯ ತುದಿಗೆ ಟೇಪ್ ಸುತ್ತಿಟ್ಟಿರುತ್ತೇವೆ. ಪವರ್‌ಮ್ಯಾನ್ ಬಂದು ಸರ್ವಿಸ್ ಬಿಡಿಸಿ, ಸೀಲ್ ತೆಗೆದು, ಹಳೆಯ ಎರಡು ವೈರ್ ಬಿಚ್ಚಿ ಹೊಸ ಎರಡನ್ನು ಬಿಗಿದು, ಮತ್ತೆ ಸೀಲ್ ಹಾಕುವುದಷ್ಟೇ ಬಾಕಿ. "ಎಲ್ಲ ರೆಡಿ ಇದೆ ಸರ್, ಮೀಟರಿನ ಎರಡು ಸ್ಕ್ರೂ ಮಾತ್ರ" ಎಂದು ಹೇಳಿದರೆ ಬಾರದವರೂ ಬರುತ್ತಾರೆ, ಇದು ನನ್ನ ಅನುಭವ. ಹೊಸ ಸೀಲ್ ಹಾಕಿದ ಮೇಲೆ ಅದರ ಫೋಟೊ ತೆಗೆದಿಟ್ಟುಕೊಳ್ಳಿ.

ಒಂದು ಎಚ್ಚರಿಕೆ: ಐಸೊಲೇಟರ್ ಬರೀ ಸ್ವಿಚ್. ಓವರ್‌ಲೋಡ್ ಆದರೆ, ಶಾರ್ಟ್ ಆದರೆ ಅದು ಬೀಳುವುದಿಲ್ಲ. ಅದರ ನಂತರ, ಹಾಗಾದಾಗ ಬೀಳುವ ಎಂಸಿಬಿ ಮತ್ತು ಕರೆಂಟ್ ಸೋರಿದರೆ ಬೀಳುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಐಸೊಲೇಟರ್ ಇಳಿಸಿದ ಮೇಲೂ ಮೀಟರ್‌ನಿಂದ ಬಂದ ವೈರ್ ಸೇರುವ ಕಡೆಯ ಸ್ಕ್ರೂಗಳಲ್ಲಿ ಕರೆಂಟ್ ಇದ್ದೇ ಇರುತ್ತದೆ, ಮುಚ್ಚಳ ತೆಗೆದು ಅಲ್ಲಿ ಕೈ ಹಾಕಬಾರದು.

ಅರ್ಜಿಯ ಮಾತು. ಬಾಯಿಮಾತಿನ ಕೇಳಿಕೆ ಬಾಯಿಮಾತಿನಲ್ಲೇ ಕಳೆದುಹೋಗುತ್ತದೆ, ಆದ್ದರಿಂದ ಒಂದು ಹಾಳೆಯಲ್ಲಿ ಬರೆದುಕೊಡಿ. ಬಿಲ್ಲಿನಲ್ಲಿರುವ ಆರ್.ಆರ್. ನಂಬರ್, ವಿಳಾಸ, ಫೋನ್, ಗುತ್ತಿಗೆದಾರರ ಲೈಸೆನ್ಸ್ ವಿವರ, ವೈರಿಂಗ್ ಬದಲಿಸಲು ಮೀಟರಿನಲ್ಲಿ ಕರೆಂಟ್ ಬಿಡಿಸಿಕೊಡಬೇಕೆಂಬ ಕೋರಿಕೆ, ನಿಮಗೆ ಅನುಕೂಲವಾದ ಎರಡು ಮೂರು ದಿನಾಂಕ. ಬಾಕಿ ಇಲ್ಲದ ಇತ್ತೀಚಿನ ಬಿಲ್ಲಿನ ಪ್ರತಿ ಜೊತೆಗಿರಲಿ. ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಮೊಹರು ಹಾಕಿಸಿಕೊಳ್ಳಿ. ಯಾವುದಕ್ಕಾದರೂ ಶುಲ್ಕವಿದೆ ಎಂದರೆ ಕಟ್ಟಿ ರಸೀದಿ ಪಡೆಯಿರಿ. ಕೈಗೆ ಕೊಡುವ ಚಹಾ ಕಾಸಿಗೆ ದಾಖಲೆಯಿಲ್ಲ. ದಾಖಲೆಯಿಲ್ಲದ ಕೆಲಸಕ್ಕೆ ಎಲ್‌ಸಿಯೂ ಇರುವುದಿಲ್ಲ, ಆಗ ಕಂಬದ ಮೇಲೆ ಜೀವ ಪಣಕ್ಕಿಡುವವನು ಆ ಪವರ್‌ಮ್ಯಾನ್.

ಲೋಡ್ ಹೆಚ್ಚಿಸುವುದಿದ್ದರೆ ಅದನ್ನೂ ಇದೇ ಹೊತ್ತಿಗೆ ಕೇಳಿ. ಹಳೆಯ ಮನೆಗಳಲ್ಲಿ ಮಂಜೂರಾದ ಲೋಡ್ 1 ಕಿಲೋವ್ಯಾಟ್ ಇರುತ್ತದೆ, ಈಗ ಒಂದು ಗೀಸರೇ 2 ಕಿಲೋವ್ಯಾಟ್. ಮೀಟರ್ ಜಾಗ ಬದಲಿಸುವುದು, ಶಿಥಿಲವಾದ ಸರ್ವಿಸ್ ವೈರ್ ಬದಲಿಸುವುದು, ಎಲ್ಲವೂ ಒಂದೇ ಭೇಟಿಯಲ್ಲಿ ಮುಗಿಯಲಿ. ಕಟ್‌ಔಟ್ ಇಲ್ಲದಿದ್ದರೆ ಹಾಕಿಕೊಡಿ ಎಂದು ಕೇಳಿ. ಗ್ರಾಹಕರ ಜಾಗದಲ್ಲಿ, ಕೈಗೆಟುಕುವ ಕಡೆ ಕಟ್‌ಔಟ್ ಒದಗಿಸುವುದು ಸರಬರಾಜು ಮಾಡುವವರ ಹೊಣೆ ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ ಹೇಳುತ್ತದೆ. ಅರ್ಜಿ ಕೊಟ್ಟೂ ಕೆಲಸ ಕದಲದಿದ್ದರೆ ಸೆಕ್ಷನ್ ಕಚೇರಿಯಿಂದ ಉಪವಿಭಾಗದ ಎಇಇ, ಅಂದರೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಅವರ ಬಳಿ ಹೋಗಿ. ಅಲ್ಲೂ ಆಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್ ಇದ್ದಾರೆ. ಆಗ ನಿಮ್ಮ ಕೈಯಲ್ಲಿರಬೇಕಾದದ್ದು ಆ ಮೊಹರು ಬಿದ್ದ ಪ್ರತಿ.

ಸತ್ತಿದೆ ಎಂದು ತಿಳಿಯುವುದು ಹೇಗೆ?

ಸ್ಕ್ರೂಡ್ರೈವರ್ ರೂಪದ ಟೆಸ್ಟರನ್ನು ಜೇಬಿನಲ್ಲಿಟ್ಟುಕೊಳ್ಳಿ, ಆದರೆ ಜೀವವನ್ನು ಅದರ ಮೇಲೆ ಇಡಬೇಡಿ. ಒಳಗಿನ ಪುಟ್ಟ ದೀಪ ಕೆಟ್ಟಿದ್ದರೆ, ಒಣ ಮರದ ಏಣಿ ಮೇಲೆ ನಿಂತಿದ್ದರೆ, ಬಿಸಿಲಿನ ಬೆಳಕಿದ್ದರೆ ಕರೆಂಟ್ ಇದ್ದರೂ ಅದು ಉರಿದದ್ದು ಕಾಣುವುದಿಲ್ಲ. ಟೆಸ್ಟ್ ಲ್ಯಾಂಪ್ ಅಥವಾ ಮಲ್ಟಿಮೀಟರ್ ಬೇಕು. ಮೊದಲು ಕರೆಂಟ್ ಇದೆಯೆಂದು ಖಚಿತವಾಗಿ ಗೊತ್ತಿರುವ ಕಡೆ ಇಟ್ಟು ಅದು ಸರಿಯಿದೆಯೇ ನೋಡಬೇಕು. ಆಮೇಲೆ ಕೆಲಸದ ಜಾಗದಲ್ಲಿ ಫೇಸ್‌ನಿಂದ ನ್ಯೂಟ್ರಲ್‌ಗೆ, ಫೇಸ್‌ನಿಂದ ಅರ್ಥ್‌ಗೆ, ನ್ಯೂಟ್ರಲ್‌ನಿಂದ ಅರ್ಥ್‌ಗೆ, ಮೂರೂ ರೀತಿ ನೋಡಬೇಕು. ಕೊನೆಗೆ ಮತ್ತೆ ಕರೆಂಟ್ ಇರುವ ಕಡೆ ಇಟ್ಟು, ಲ್ಯಾಂಪ್ ನಡುವೆ ಕೆಟ್ಟಿಲ್ಲವೆಂದು ಖಾತರಿ ಮಾಡಿಕೊಳ್ಳಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ ಮಾತ್ರ ನೋಡಿ ಬಿಟ್ಟರೆ ನನ್ನ ಹುಡುಗನಿಗಾದದ್ದೇ ಇನ್ನೊಬ್ಬನಿಗೂ ಆಗುತ್ತದೆ. ಇಷ್ಟಕ್ಕೆ ಎರಡು ನಿಮಿಷವೂ ಬೇಡ.

ಇಳಿಸಿದ ಸ್ವಿಚ್ಚನ್ನು ಬೇರೆಯವರು ಏರಿಸದಂತೆ ನೋಡಿಕೊಳ್ಳುವುದು ಮನೆಯವರ ಜವಾಬ್ದಾರಿಯೂ ಹೌದು. ಐಸೊಲೇಟರ್ ಪೆಟ್ಟಿಗೆಗೆ ಬೀಗ ಹಾಕಿ ಕೀಲಿ ಕೆಲಸಗಾರನ ಜೇಬಿನಲ್ಲಿರಲಿ. ಹಳೆಯ ಫ್ಯೂಸ್ ಆದರೆ ಅದರ ಹಿಡಿಯನ್ನೇ ಜೇಬಿಗೆ ಹಾಕಿಕೊಳ್ಳುವುದು ನಮ್ಮ ಹಿರಿಯರಿಂದ ಬಂದ ರೂಢಿ. ಶಾಲೆಯಿಂದ ಬಂದ ಮೊಮ್ಮಗ ಟಿ.ವಿ. ಬರುತ್ತಿಲ್ಲವೆಂದು ಮೇನ್ ಏರಿಸಿದ್ದನ್ನು ನೋಡಿದ್ದೇನೆ. ಅಂದು ಫ್ಯೂಸ್ ಹಿಡಿ ಜೇಬಿನಲ್ಲಿದ್ದುದರಿಂದ ಬದುಕಿದೆವು.

ಮೀಟರಿನ ಕರೆಂಟ್ ನಿಂತರೂ ಬೇರೆ ದಾರಿಯಿಂದ ಮನೆಯೊಳಗೆ ಕರೆಂಟ್ ಬರಬಹುದು, ಈಗಿನ ಮನೆಗಳಲ್ಲಿ ಇದು ದೊಡ್ಡ ಅಪಾಯ. ಯುಪಿಎಸ್ ಇದ್ದರೆ ಮೇನ್ ಇಳಿಸಿದ ತಕ್ಷಣ ಅದೇ ಎಚ್ಚೆತ್ತು ಲೈಟ್ ಲೈನಿಗೆ 230 ವೋಲ್ಟ್ ಕೊಡುತ್ತದೆ. ಅದನ್ನು ಆಫ್ ಮಾಡಿದರೆ ಸಾಲದು, ಬ್ಯಾಟರಿಯ ತಂತಿಯನ್ನೂ ಬಿಚ್ಚಿಡಬೇಕು. ಚಾವಣಿಯ ಸೋಲಾರ್‌ಗೆ ಬ್ಯಾಟರಿ ಇದ್ದರೆ ಅದೂ ಹೀಗೆಯೇ. ಪ್ಯಾನೆಲ್‌ನಿಂದ ಇಳಿಯುವ ವೈರಂತೂ ಬಿಸಿಲಿರುವಷ್ಟು ಹೊತ್ತು ಜೀವಂತ. ಮಹಡಿಗೊಂದು ಮೀಟರ್ ಇರುವ ಕಡೆ ಮೇಲಿನ ಮನೆಯ ಮೆಟ್ಟಿಲ ದೀಪಕ್ಕೆ ಕೆಳಗಿನ ಮನೆಯ ನ್ಯೂಟ್ರಲ್ ಕೊಟ್ಟಿರುತ್ತಾರೆ. ಕೆಳಗೆ ಎಲ್ಲ ಆಫ್ ಮಾಡಿ ಆ ನ್ಯೂಟ್ರಲ್ ಬಿಚ್ಚಿದವನಿಗೆ ಮೇಲಿನ ಮನೆಯ ಕರೆಂಟ್ ಹೊಡೆಯುತ್ತದೆ. ಇಂಥದ್ದು ಏನಾದರೂ ಇದ್ದರೆ ಕೆಲಸಗಾರ ಕೇಳುವ ಮುಂಚೆ ನೀವೇ ಹೇಳಿ. ಹಿಂದೆ ಯಾರೋ ಎಳೆದ ವೈರ್ ನಿಮಗೆ ಗೊತ್ತಿರುತ್ತದೆ, ಗೋಡೆಯೊಳಗಿನದು ನಮಗೆ ಕಾಣುವುದಿಲ್ಲ.

ವೈರಿಂಗ್ ನಡೆಯುವಷ್ಟು ದಿನ ಕತ್ತಲಲ್ಲಿರಬೇಕಾಗಿಯೂ ಇಲ್ಲ. ಐಸೊಲೇಟರ್ ಆದಮೇಲೆ ಒಂದು ತಾತ್ಕಾಲಿಕ ಬೋರ್ಡ್ ಮಾಡುತ್ತೇವೆ. ಒಂದು ಎಂಸಿಬಿ, ಒಂದು ಆರ್‌ಸಿಸಿಬಿ, 16 ಆಂಪಿಯರ್‌ನ ಎರಡು ಸಾಕೆಟ್. ಹಗಲು ಗೋಡೆ ಕೊರೆಯುವ ಮೆಷಿನ್, ರಾತ್ರಿ ಫ್ರಿಜ್ ಮತ್ತು ಒಂದು ದೀಪ ಅದರಲ್ಲಿ ನಡೆಯುತ್ತದೆ. ಹೊಸ ವೈರಿಂಗ್ ಪೂರ್ತಿಯಾದ ಮೇಲೆ 500 ವೋಲ್ಟಿನ ಮೆಗ್ಗರ್ ಹಿಡಿದು ಇನ್ಸುಲೇಷನ್ ನೋಡುತ್ತೇವೆ, 1 ಮೆಗಾಓಮ್‌ಗಿಂತ ಕಡಿಮೆ ಬಂದ ಲೈನನ್ನು ಡಿಬಿಗೆ ಸೇರಿಸುವುದಿಲ್ಲ. ಗುತ್ತಿಗೆದಾರರಿಂದ ಪರೀಕ್ಷಾ ವರದಿಯನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.

ಈ ವಾರ ಬಿಡುವಾದಾಗ ನಿಮ್ಮ ಮನೆಯ ಮೀಟರ್ ಮುಂದೆ ಒಮ್ಮೆ ನಿಂತು ನೋಡಿ, ಏನನ್ನೂ ಮುಟ್ಟಬೇಡಿ. ಮೀಟರ್‌ನಿಂದ ಹೊರಟ ಎರಡು ವೈರ್‌ಗಳು ಎರಡೂ ಒಂದೇ ಸ್ವಿಚ್ಚಿಗೆ ಹೋಗಿ ಸೇರುತ್ತವೆಯೇ? ಇಲ್ಲವಾದರೆ ವೈರಿಂಗ್ ಬದಲಿಸುವ ಯೋಚನೆ ಇರಲಿ, ಬಿಡಲಿ, ಸೆಕ್ಷನ್ ಕಚೇರಿಗೆ ಕೊಡುವ ಅರ್ಜಿಯನ್ನು ಈಗಲೇ ಬರೆಯಿರಿ.